‘ಸೊಲಾರಿಸ್’: ಪ್ರೇಮಕಥೆಯೊಳಗಿನ ಹಿಂಸೆ

ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ (1921-2006) ಬರೆದು 1961ರಲ್ಲಿ ಪ್ರಕಟವಾದ ‘ಸೊಲಾರಿಸ್’ ಕಾದಂಬರಿಯನ್ನು ವೈಜ್ಞಾನಿಕ ಕಥೆಯೆಂದು ಕೈಗೆತ್ತಿಕೊಂಡವರು ಪ್ರೇಮಕಥೆಯೊಂದರಲ್ಲಿ ಸಿಲುಕುತ್ತಾರೆ. ಪ್ರೇಮಕಥೆಯೆಂದು ಓದತೊಡಗಿದವರಿಗೆ ಅದು ಅಪರಾಧದ ವೃತ್ತಾಂತವಾಗಿ ತೋರುತ್ತದೆ. ಕೆಂಪು ಮತ್ತು ನೀಲಿ ವರ್ಣದ ಎರಡು ಸೂರ್ಯರುಳ್ಳ ಆ ಗ್ರಹವನ್ನು ಬಹುಮಟ್ಟಿಗೆ ಆವರಿಸಿರುವುದು ಒಂದೇ ಸಮುದ್ರ. ಆ ಸಮುದ್ರವೇ ಒಂದು ಜೀವಿ.

ಗ್ರಹದ ಮೇಲಿನ ನಿಲ್ದಾಣಕ್ಕೆ ಬಂದಿಳಿದ ಮನಶ್ಶಾಸ್ತ್ರಜ್ಞ ಕೆಲ್ವಿನ್‌ನ ಮುಂದೆ, ಅವನ ಸಂಗಾತಿಯಾಗಿದ್ದ ಹರೇಯ್ ಪ್ರತ್ಯಕ್ಷಳಾಗುತ್ತಾಳೆ. ಆಕೆ ಸತ್ತು ಹತ್ತು ವರ್ಷಗಳಾಗಿವೆ. ಜಗಳವಾಡಿ ಕೆಲ್ವಿನ್ ಬಿಟ್ಟುಹೋದ ಮೇಲೆ ವಿಷ ಚುಚ್ಚಿಕೊಂಡು ಪ್ರಾಣ ನೀಗಿದವಳು ಆಕೆ. ಸಮುದ್ರವು ಅವನ ಸ್ಮೃತಿಯಿಂದ ಅವಳನ್ನು ರೂಪಿಸಿ ಕಳುಹಿಸಿದೆ. ಅವಳ ಉಡುಪಿನ ಗುಂಡಿಗಳು ಕೇವಲ ಅಲಂಕಾರಕ್ಕೆ. ಕತ್ತರಿಸದೆ ಅದನ್ನು ಕಳಚುವಂತಿಲ್ಲ. ಸ್ಮೃತಿಗೆ ಉಡುಪಿನ ನೆನಪಿದೆ, ಅದನ್ನು ತೊಡುವ ಬಗೆಯ ನೆನಪಿಲ್ಲ! ಇಂತಹ ಒಂದೊಂದು ವಿವರದಲ್ಲಿಯೂ ಲೆಮ್ ಅವರ ಕಲ್ಪನೆ ಬೆರಗು ಹುಟ್ಟಿಸುತ್ತದೆ.

ಕೆಲ್ವಿನ್ ಮಾಡುವ ಮೊದಲ ಕೆಲಸವೆಂದರೆ, ಅವಳನ್ನು ಉಪಾಯದಿಂದ ರಾಕೆಟ್ಟಿನಲ್ಲಿ ಕೂಡಿಹಾಕಿ ಶೂನ್ಯಕ್ಕೆ ಹಾರಿಸಿಬಿಡುವುದು. ಒಳಗಿನಿಂದ ಬರುವ ಕೂಗು ಅವನಿಗೆ ಕೇಳಿಸುತ್ತದೆ. ಬಳಿಕ ಇನ್ನೊಬ್ಬಳು ಬರುತ್ತಾಳೆ: ಅದೇ ಮುಖ, ಅದೇ ಮಾತು, ನಡೆದುದರ ಅರಿವಿಲ್ಲ. ಕೋಣೆಯಲ್ಲೀಗ ಒಂದೇ ಬಗೆಯ ಎರಡು ಬಿಳಿಯ ಉಡುಪುಗಳು. ಕಾದಂಬರಿಯ ಪ್ರೇಮಕಥೆ ಆರಂಭವಾಗುವುದು ಈ ಎರಡನೆಯವಳೊಡನೆ. ಅವಳನ್ನು ಅವನು ನಿಜವಾಗಿಯೂ ಪ್ರೀತಿಸತೊಡಗುತ್ತಾನೆ. ಮೊದಲನೆಯವಳ ಗತಿಯ ಬಗ್ಗೆ ಹೆಚ್ಚು ಹೊತ್ತು ಚಿಂತಿಸುವುದಿಲ್ಲ. ವಿಮರ್ಶಕರು ಈ ಪ್ರೇಮದ ಕಾರುಣ್ಯವನ್ನು ಎಷ್ಟೇ ಕೊಂಡಾಡಲಿ, ಆ ಕೂಗನ್ನು ಮರೆತು ಮುಂದಿನ ಪುಟಗಳನ್ನು ಓದುವುದು ಸುಲಭವಲ್ಲ. ಯಾತನೆಪಡುವ ಸಾಮರ್ಥ್ಯವಿದ್ದವಳನ್ನು ‘ನಕಲು’ ಎಂಬ ಒಂದು ಶಬ್ದ ವಸ್ತುವಾಗಿಸಬಲ್ಲುದೆ?

ತಾನು ಮೂಲದ ಹರೇಯ್ ಅಲ್ಲವೆಂದು ತಿಳಿದ ಮೇಲೆ ಆಕೆ ದ್ರವ ಆಮ್ಲಜನಕ ಕುಡಿಯುತ್ತಾಳೆ. ಸಾಯಲಾಗದೆ ಮತ್ತೆ ಎಚ್ಚರಗೊಳ್ಳುತ್ತಾಳೆ. ಕೊನೆಗೆ ಕೆಲ್ವಿನ್‌ಗೆ ತಿಳಿಸದೆ, ತನ್ನನ್ನು ಇಲ್ಲವಾಗಿಸುವಂತೆ ಅವನ ಸಹೋದ್ಯೋಗಿಯನ್ನು ಕೇಳಿಕೊಳ್ಳುತ್ತಾಳೆ. ಸ್ವಂತದ ಗತಕಾಲವಿಲ್ಲದ ಈ ಹೆಣ್ಣು ಸ್ವಂತ ನಿರ್ಧಾರವೊಂದನ್ನು ಕೈಗೊಳ್ಳುವ ಎತ್ತರಕ್ಕೆ ಬೆಳೆದುದು ಕಾದಂಬರಿಯ ದೊಡ್ಡ ಸಾಧನೆ. ಆದರೆ ಓದುಗನಿಗೆ ಅವಳು ಕಾಣುವುದು ಕೆಲ್ವಿನ್‌ನ ಕಣ್ಣಿನಿಂದ ಮಾತ್ರ. ಇದು ಕೃತಿಯ ಮಿತಿಯೂ ಹೌದು.

ಇನ್ನೊಂದು ಹಿಂಸೆ ಸಮುದ್ರಕ್ಕೆ ಸಂಬಂಧಿಸಿದ್ದು. ಈ ‘ಅತಿಥಿ’ಗಳು ಬರತೊಡಗಿದ್ದು, ನಿಷಿದ್ಧವಾಗಿದ್ದರೂ ವಿಜ್ಞಾನಿಗಳು ಸಮುದ್ರದ ಮೇಲೆ ಪ್ರಬಲ ಕ್ಷ-ಕಿರಣಗಳನ್ನು ಹಾಯಿಸಿದ ಬಳಿಕ. ಅದಕ್ಕೆ ನೋವಾಗಿರಬಹುದೆಂಬ ಮಾತು ಅವರ ಚರ್ಚೆಯ ಕೇಂದ್ರಕ್ಕೆ ಬರುವುದೇ ಇಲ್ಲ. ನೀರನ್ನೇ ದೇಹವಾಗುಳ್ಳ ಅಪ್ಕಾಯ ಜೀವಗಳ ವಿಚಾರ ಬಲ್ಲ ಓದುಗರಿಗೆ ಇದು ಥಟ್ಟನೆ ಎದ್ದು ಕಾಣುತ್ತದೆ. ಹಾಗೆಂದು ಸೊಲಾರಿಸ್‌ನ ಸಮುದ್ರವನ್ನು ಅಪ್ಕಾಯವೆಂದೇ ಕರೆದುಬಿಡುವುದು ಅವಸರದ ಮಾತಾದೀತು. ಆ ಜೀವಗಳು ಏಕೇಂದ್ರಿಯಗಳು. ಲೆಮ್ ಅವರ ಸಮುದ್ರವಾದರೋ ನಿದ್ರಿಸುವ ಮನುಷ್ಯನ ಮನಸ್ಸನ್ನು ಓದಬಲ್ಲುದು.

ಸಮುದ್ರವನ್ನು ಕುರಿತ ಕಾಲ್ಪನಿಕ ಗ್ರಂಥಗಳ ದೀರ್ಘ ಪರಿಚಯ ಕೆಲವೆಡೆ ಬೇಸರ ತರಿಸುವುದುಂಟು. ಆದರೂ ಆ ಭಾಗಗಳನ್ನು ಬಿಟ್ಟು ಓದಿದರೆ ಉಳಿಯುವುದು ಬರಿಯ ಕಣ್ಣೀರಿನ ಕಥೆ. 1972ರಲ್ಲಿ ಆಂದ್ರೇ ತಾರ್ಕೊವ್‌ಸ್ಕಿ ನಿರ್ಮಿಸಿದ ಪ್ರಸಿದ್ಧ ಚಲನಚಿತ್ರ ಲೆಮ್ ಅವರಿಗೆ ಒಪ್ಪಿಗೆಯಾಗಲಿಲ್ಲ. ಇಂಗ್ಲಿಷಿನಲ್ಲಿ ಓದುವವರು ಗಮನಿಸಬೇಕಾದುದೆಂದರೆ, 1970ರ ಅನುವಾದ ಫ್ರೆಂಚ್ ಮೂಲಕ ಬಂದದ್ದು, ಅದರಲ್ಲಿ ನಾಯಕಿಯ ಹೆಸರು ರೇಯಾ ಎಂದಾಗಿದೆ. ಬಿಲ್ ಜಾನ್‌ಸ್ಟನ್ ಪೋಲಿಷ್‌ನಿಂದ ನೇರವಾಗಿ ಮಾಡಿದ ಅನುವಾದ 2011ರಲ್ಲಿ ಹೊರಬಂದಿತು.