1550ರ ಗೋಪುರ: ಶಾಸನಪಟ್ಟಿಯ ಕಾಲಂಗಳ ಬಗ್ಗೆ ಒಂದು ತಕರಾರು

ಸಂತೇಬೆನ್ನೂರಿನ ಹೊಂಡ, ಮುಸಾಫಿರ್‌ಖಾನೆ ನೋಡಿ ಬಂದವರಿಗೆಲ್ಲ ಒಂದು ಕುತೂಹಲ ಇದ್ದೇ ಇರುತ್ತೆ: ಕೆಂಗ ಹನುಮಪ್ಪ ನಾಯಕನ ಕಾಲಕ್ಕೆ ಈ ಸೀಮೆಯಲ್ಲಿ ಎಷ್ಟು ಶಾಸನ ಹುಟ್ಟಿದವು? ಅದಕ್ಕೆ ಉತ್ತರ ಅನ್ನುವಂತೆ ಮಿತ್ರರೊಬ್ಬರಿಂದ ಒಂದು ಗ್ರಾಫ್ ಬಂತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಶಾಸನಗಳನ್ನು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಆರ್ ಭಾಷೆಯಲ್ಲಿ ದಶಕವಾರು ಎಣಿಸಿ ಬಿಡಿಸಿದ್ದು. 1550ರ ದಶಕದ ಮೇಲೆ ಒಂದು ಗೋಪುರ ಎದ್ದು ನಿಂತಿತ್ತು. ಕೆಳಗೆ ‘ಪಾಳೆಯಗಾರರ ಏಳಿಗೆ’ ಎಂಬ ಅಡಿಬರಹ. ನನಗೂ ಖುಷಿಯಾಯ್ತು, ನಾಲ್ಕು ಜನರಿಗೆ ಹೇಳಿಯೂ ಬಿಟ್ಟೆ. ಆಮೇಲೆ ಪಟ್ಟಿಯನ್ನೇ ತರಿಸಿಕೊಂಡು ನೋಡಿದರೆ ಗೋಪುರಕ್ಕೆ ಪಾಯವೇ ಇಲ್ಲ.

ಪಟ್ಟಿಯ ‘ಕಾಲ’ ಎಂಬ ಕಾಲಂ ನೋಡ್ರಿ. ಒಂದು ಸಾಲಿನಲ್ಲಿ ‘ಶಕ 1500’, ಇನ್ನೊಂದರಲ್ಲಿ ಬರೀ ‘1578’, ಮತ್ತೊಂದರಲ್ಲಿ ‘೧೫೦೦’, ಆಮೇಲೆ ‘ಸು. 1560’, ‘1485?’, ‘ಬಹುಧಾನ್ಯ’, ‘16ನೇ ಶ.’. ಓದುವ ನಮಗೆ ಇದರಲ್ಲಿ ತೊಡಕೇನೂ ಇಲ್ಲ. ಆದರೆ ಆರ್‌ನಲ್ಲಿ ಕಾಲಂ ಅಂದರೆ ಒಂದೇ ಜಾತಿಯ ಮೌಲ್ಯಗಳ ಸಾಲು. ಒಂದು ಕೋಶದಲ್ಲಿ ‘ಸು.’ ಇದ್ದರೂ ಸಾಕು, ಇಡೀ ಕಾಲಂ ಅಕ್ಷರವಾಗಿಬಿಡುತ್ತೆ. ಅದಕ್ಕೆ ‘ಆ್ಯಸ್.ನ್ಯೂಮರಿಕ್’ ಹಾಕಿದರೆ ಬಿಡಿ ಅಂಕಿಗಳಷ್ಟೇ ಉಳಿದು ಮಿಕ್ಕದ್ದೆಲ್ಲ ‘ಎನ್‌ಎ’, ಅಂದರೆ ಖಾಲಿ. ಕನ್ನಡ ಅಂಕಿಯ ೧೫೦೦ ಕೂಡ ಖಾಲಿಯೇ! ಒಂದು ಸಾಲಿನ ಎಚ್ಚರಿಕೆ ಬರುತ್ತೆ, ನಿಜ. ಅದನ್ನು ಓದುವ ತಾಳ್ಮೆ ಯಾರಿಗಿದೆ? 2020ರ 4.0.0 ಆವೃತ್ತಿಗೆ ಮುಂಚಿನ ಆರ್ ಇನ್ನೂ ಮೋಸದ್ದು. ಫೈಲ್ ಓದುವಾಗಲೇ ಅಕ್ಷರದ ಕಾಲಮ್ಮನ್ನು ತಾನೇ ‘ಫ್ಯಾಕ್ಟರ್’ ಮಾಡುತ್ತಿತ್ತು. ಅದನ್ನು ನೇರವಾಗಿ ಅಂಕಿಗೆ ಬದಲಿಸಿದರೆ ಇಸವಿಯ ಜಾಗದಲ್ಲಿ 1, 2, 3 ಎಂಬ ಒಳಕ್ರಮಾಂಕ ಬರುತ್ತಿತ್ತು, ಎಚ್ಚರಿಕೆಯೂ ಇಲ್ಲದೆ.

ನಮ್ಮ ಮಿತ್ರರು ಈ ಖಾಲಿಗಳನ್ನು ಕಂಡವರೇ. ಅದಕ್ಕೇ ‘16ನೇ ಶ.’ ಇದ್ದಲ್ಲೆಲ್ಲ ಶತಮಾನದ ನಡುವಿನ 1550 ತುಂಬಿದ್ದರು. ಗೋಪುರ ಎದ್ದದ್ದು ಅಲ್ಲಿಂದ. ಅಕ್ಷರ ಸವೆದು, ಲಿಪಿಯ ಮೇಲಷ್ಟೇ ಕಾಲ ಹೇಳಬಹುದಾದ ಕಲ್ಲುಗಳೆಲ್ಲ ಒಂದೇ ದಶಕಕ್ಕೆ ಬಂದು ಕೂತಿದ್ದವು. ಗ್ರಾಫ್‌ನಲ್ಲಿ 1150ರ ಮೇಲೆ, 1250ರ ಮೇಲೆ ಕೂಡ ಚಿಕ್ಕ ಚಿಕ್ಕ ಗೋಪುರಗಳಿದ್ದವು. ಅಷ್ಟು ನೋಡಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಮಗೆ ಗೊತ್ತಿಲ್ಲ ಎಂಬುದೇ ಅಲ್ಲಿ ಪಾಳೆಯಗಾರರ ಏಳಿಗೆಯಾಗಿ ಕಾಣಿಸಿಕೊಂಡಿತ್ತು.

ನನ್ನ ತಕರಾರು ಮಿತ್ರರ ಮೇಲಲ್ಲ, ‘ಕಾಲ’ವನ್ನು ಒಂದೇ ಕಾಲಂ ಮಾಡುವ ನಮ್ಮೆಲ್ಲರ ರೂಢಿಯ ಮೇಲೆ. ಕಲ್ಲಿನಲ್ಲಿರುವುದು ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಕ್ರಿಸ್ತಶಕ ನಾವು ಲೆಕ್ಕ ಹಾಕಿ ಇಟ್ಟದ್ದು. ಎರಡನ್ನೂ ಒಂದೇ ಕೋಶದಲ್ಲಿ ತುರುಕಿದರೆ ಓದು ಯಾವುದು, ಊಹೆ ಯಾವುದು ಎಂದು ಆಮೇಲೆ ಬಿಡಿಸಲಾಗದು. ಬೇರೆ ಬೇರೆ ಇಟ್ಟರೆ ಅವು ಒಂದಕ್ಕೊಂದು ಸಾಕ್ಷಿ ಹೇಳುತ್ತವೆ. ಶಕವರ್ಷಕ್ಕೆ 11 ಕೂಡಿಸಿ, 60ರಿಂದ ಭಾಗಿಸಿ, ಶೇಷಕ್ಕೆ 1 ಸೇರಿಸಿದರೆ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ ಬರುತ್ತೆ. ಶಕ 1500ಕ್ಕೆ 12, ಅಂದರೆ ಬಹುಧಾನ್ಯ. ಆರ್‌ನಲ್ಲಿ ಇದು ಒಂದೇ ಸಾಲು. ಇಡೀ ಕಾಲಮ್ಮಿಗೆ ಒಟ್ಟಿಗೆ ನಡೆಯುತ್ತೆ. ಕಲ್ಲಿನ ಸಂವತ್ಸರ ಒಂದು ಹೆಜ್ಜೆ ಹಿಂದಿದ್ದರೆ, ಬರೆಸಿದವನು ಗತವರ್ಷ ಬಿಟ್ಟು ವರ್ತಮಾನ ವರ್ಷ ಎಣಿಸಿರಬಹುದು. ಹತ್ತಾರು ಹೆಜ್ಜೆ ತಪ್ಪಿದರೆ ಅಂಕಿಯನ್ನು ನಾವು ತಪ್ಪಾಗಿ ಓದಿರಬಹುದು, ಇಲ್ಲವೇ ಶಾಸನವೇ ಆಮೇಲೆ ಹುಟ್ಟಿದ್ದಿರಬಹುದು. ಇಂಥ ಸುಳಿವನ್ನು ‘1578’ ಎಂಬ ಒಂಟಿ ಅಂಕಿ ಕೊಡುವುದಿಲ್ಲ. ಅದೂ ಅಲ್ಲದೆ ಶಕವರ್ಷಕ್ಕೆ ಕಣ್ಣುಮುಚ್ಚಿ 78 ಕೂಡಿಸಿದರೆ ಮಾಘಮಾಸದ ದಾನವೆಲ್ಲ ಒಂದು ವರ್ಷ ಹಿಂದೆ ಬೀಳುತ್ತೆ. ಅಲ್ಲಿ ಬೇಕಾದ್ದು 79. ತಿಂಗಳ ಕಾಲಂ ಇದ್ದರೆ ತಾನೇ ಇದು ತಿಳಿಯೋದು?

ಇನ್ನು ಊರ ಹೆಸರು. ಎಣಿಕೆ ಹಾಕಿದರೆ ನಮ್ಮ ಪಟ್ಟಿಯಲ್ಲಿ ಮೂರು ಸಂತೇಬೆನ್ನೂರು ಬಂದವು. ಒಂದು ‘ಸಂತೆಬೆನ್ನೂರು’, ಹ್ರಸ್ವ. ಅದು ಕಣ್ಣಿಗೆ ಕಾಣುತ್ತೆ. ಉಳಿದ ಎರಡನ್ನು ಎಷ್ಟು ದಿಟ್ಟಿಸಿದರೂ ವ್ಯತ್ಯಾಸವೇ ಇಲ್ಲ. ಕಡೆಗೆ ಗೊತ್ತಾದದ್ದು ಏನಪ್ಪಾ ಅಂದ್ರೆ, ಯೂನಿಕೋಡ್‌ನಲ್ಲಿ ‘ತೇ’ಯ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವಕ್ಕೆ ದೀರ್ಘದ ಗುರುತು ಸೇರಿಸಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ. ಸ್ಟ್ರಿಂಗಿ ಪ್ಯಾಕೇಜಿನಲ್ಲಿ ಎನ್‌ಎಫ್‌ಸಿ ರೂಪಕ್ಕೆ ತರುವ ಆದೇಶವಿದೆ. ಅದನ್ನು ನಡೆಸಿದ ಮೇಲೆ ಊರು ಒಂದಾಯ್ತು. ಹ್ರಸ್ವ ರೂಪವನ್ನು ಮಾತ್ರ ನಾನು ತಿದ್ದಲಿಲ್ಲ. ಮೂಲಪಾಠದಲ್ಲಿ ಹೇಗಿದೆಯೋ ಹಾಗೆ ಒಂದು ಕಾಲಂ, ಈಗಿನ ರೂಪಕ್ಕೆ ಇನ್ನೊಂದು.

ಜಿಲ್ಲೆಯ ಕಾಲಂ ಕೂಡ ಹೀಗೇ. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಚನ್ನಗಿರಿ, ಹೊನ್ನಾಳಿ ಇರುವುದು ಶಿವಮೊಗ್ಗದ 7ನೇ ಸಂಪುಟದಲ್ಲಿ, ಜಗಳೂರು ಚಿತ್ರದುರ್ಗದ 11ನೆಯದರಲ್ಲಿ. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ನ್ಯಾಮತಿ ಆಗ ತಾಲ್ಲೂಕೇ ಅಲ್ಲ, ಅಲ್ಲಿನ ಕಲ್ಲುಗಳನ್ನು ಹೊನ್ನಾಳಿಯಲ್ಲಿ ಹುಡುಕಬೇಕು. ಪಟ್ಟಿಯಲ್ಲಿ ಎಲ್ಲಕ್ಕೂ ‘ದಾವಣಗೆರೆ’ ಎಂದು ತುಂಬಿದ್ದರಿಂದ ಸಂಪುಟದ ಜೊತೆ ತಾಳೆ ಹಾಕಲು ಹೋದಾಗ ಒಂದು ಸಾಲೂ ಕೂಡಲಿಲ್ಲ. ಶಾಸನಸಂಖ್ಯೆಯೂ ನೋಡಲಿಕ್ಕೆ ಅಂಕಿ, ನಿಜದಲ್ಲಿ ಹೆಸರು. ಶ್ರವಣಬೆಳಗೊಳದ ಸಂಪುಟ ರೈಸ್ 1889ರಲ್ಲಿ ತಂದಾಗ 144 ಶಾಸನ. ನರಸಿಂಹಾಚಾರ್ಯರ 1923ರ ಆವೃತ್ತಿಯಲ್ಲಿ 500. ಯಾವ ಆವೃತ್ತಿ ಎಂಬ ಕಾಲಂ ಇಲ್ಲದೆ ಸಂಖ್ಯೆಗೆ ಅರ್ಥವೇ ಇಲ್ಲ. (ಸಾಲುಸಂಖ್ಯೆ ‘10-12’ ಅಂತ ಬರೆದದ್ದನ್ನು ಎಕ್ಸೆಲ್ ತಾರೀಖು ಮಾಡಿಟ್ಟಿತ್ತು. ಅದು ಹಳೇ ಗೋಳು ಬಿಡಿ.)

ಈಗ ‘16ನೇ ಶ.’ ಇದ್ದಲ್ಲಿ ‘ಇಂದ’ 1501, ‘ವರೆಗೆ’ 1600 ಎಂದು ಎರಡು ಕಾಲಂ ಮಾಡಿ, ಒಂದು ಶಾಸನವನ್ನು ಹತ್ತು ದಶಕಕ್ಕೂ ಹತ್ತನೇ ಒಂದು ಪಾಲಿನಂತೆ ಹಂಚಿದ್ದೇವೆ. 1550ರ ಗೋಪುರ ಕುಸಿದು ದಿಣ್ಣೆಯಾಗಿದೆ. ಮಿತ್ರರಿಗೆ ಸ್ವಲ್ಪ ಬೇಸರ. ಬರೀ ‘ಬಹುಧಾನ್ಯ’ ಇರುವ ಆ ಕಲ್ಲಿಗೆ ಈ ಉಪಾಯವೂ ನಡೆಯಲ್ಲ, ಯಾಕಂದ್ರೆ ಲಿಪಿಯ ಪ್ರಕಾರ ಅದಕ್ಕೆ ಇರುವುದು ಮೂರೇ ಸಾಧ್ಯತೆ: 1518, 1578, 1638. ಅದಕ್ಕೆ ಸದ್ಯ ಮೂರು ಸಾಲು ಕೊಟ್ಟು ‘ಊಹೆ’ ಕಾಲಂನಲ್ಲಿ ಗುರುತು ಹಾಕಿದ್ದೇನೆ. ಅಚ್ಚೆ ತೆಗೆದು ಅಕ್ಷರ ಇನ್ನೊಮ್ಮೆ ನೋಡಬೇಕು.