ನದಿಯ ಹೆಸರಿನ ಹೆಣ್ಣುಮಕ್ಕಳು

ಮೊಮ್ಮಗಳು ಹುಟ್ಟಿದ್ದು ಮೃಗಶಿರಾ ನಕ್ಷತ್ರದ ಮೂರನೆಯ ಪಾದದಲ್ಲಿ. ಪುರೋಹಿತರು ಪಂಚಾಂಗ ನೋಡಿ, ಹೆಸರು 'ಕಾ' ಅಕ್ಷರದಿಂದ ಶುರುವಾದರೆ ಒಳ್ಳೆಯದು ಎಂದರು. ಅವರ ಬಾಯಿಂದ ಆ ಮಾತು ಬೀಳುವುದನ್ನೇ ಕಾದಿದ್ದವಳಂತೆ ನಾನು "ಕಾವೇರಿ" ಎಂದುಬಿಟ್ಟೆ. ಅದಕ್ಕಿಂತ ಒಳ್ಳೆಯ ಹೆಸರು ಇನ್ನೇನಿದ್ದೀತು? ನಾಡಿಗೆ ನೀರೂಡುವ ಹೊಳೆ, ಬಾಯಿ ತುಂಬ ಮೂರೇ ಅಕ್ಷರ, ಹಾಜರಿ ಪುಸ್ತಕದಲ್ಲಿ ಯಾವ ಗುಮಾಸ್ತನೂ ತಪ್ಪಾಗಿ ಬರೆಯಲಾರ. ಅಷ್ಟರಲ್ಲಿ ಕೋಣೆಯೊಳಗಿನಿಂದ ಬಾಣಂತಿ ಮಗಳ ದನಿ ಬಂತು: "ನಂಗೆ ಶರಪಂಜರ ಓದಿಸಿದವಳು ನೀನೇ ಅಲ್ವೇನಮ್ಮ?"

ನಾನು ಸುಮ್ಮನಾದೆ. ಮೂವತ್ತು ವರ್ಷದ ಹತ್ತಿರ ಹತ್ತಿರ ಕನ್ನಡ ಪಾಠ ಹೇಳಿದವಳಿಗೆ ಅದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯೂ ಆಯಿತು. ಆ ರಾತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟುತ್ತಾ ನಮ್ಮ ಸಾಹಿತ್ಯದಲ್ಲಿ ನದಿಯ ಹೆಸರು ಹೊತ್ತ ಹೆಣ್ಣುಗಳನ್ನೆಲ್ಲ ಒಬ್ಬೊಬ್ಬರಾಗಿ ನೆನೆಸಿಕೊಂಡೆ. ನೆನೆಸಿದಷ್ಟೂ ಎದೆ ಭಾರವಾಯಿತು.

ಮೊದಲು ಬಂದವಳು 'ಕೆರೆಗೆ ಹಾರ'ದ ಭಾಗೀರಥಿ. ಮಲ್ಲನಗೌಡ ಕಟ್ಟಿಸಿದ ಕೆರೆಗೆ ನೀರು ಬರುವುದಿಲ್ಲ. ಹೊತ್ತಿಗೆ ನೋಡಿದವರು ಬಲಿ ಕೇಳುತ್ತಾರೆ. ಮನೆಯವರು ಕಿರಿಯ ಸೊಸೆಯನ್ನು ಆರಿಸುತ್ತಾರೆ. ಗಂಗೆಯನ್ನು ಭೂಮಿಗೆ ತಂದವನ ಹೆಸರಿನಿಂದ ಹುಟ್ಟಿದ ಹೆಸರು ಅವಳದು. ಆ ಹೆಸರಿನವಳು ಮೆಟ್ಟಿಲು ಮೆಟ್ಟಿಲಾಗಿ ಹತ್ತುವಾಗ ನೀರು ಏರಿ ಬರುತ್ತದೆ. ಜನಪದ ಕವಿ ಹೆಸರನ್ನು ಸುಮ್ಮನೆ ಇಟ್ಟಿದ್ದಾನೆಂದು ನನಗೆ ಎಂದೂ ಅನ್ನಿಸಿಲ್ಲ. ನನ್ನ ಹೆಸರೂ ನದಿಯದೇ. ಯಾವುದೆಂದು ಈ ಪುಸ್ತಕದ ಹೊದಿಕೆ ನೋಡಿದರೆ ಗೊತ್ತಾಗುತ್ತದೆ. ಜಾನಪದ ಪಾಠ ಬಂದಾಗಲೆಲ್ಲ ನಾನು ಈ ಕಥೆಯನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಆ ಹೆಸರು ಬಂದೊಡನೆ ಮಕ್ಕಳು ಪುಸ್ತಕದಿಂದ ತಲೆಯೆತ್ತಿ ನನ್ನ ಮುಖ ನೋಡುತ್ತಿದ್ದವು. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು "ಟೀಚರ್, ನಿಮ್ಮನ್ನ ಕಳ್ಸಿದ್ರೆ ನೀವು ಹೋಗ್ತಿದ್ರಾ?" ಎಂದು ಕೇಳಿದಳು. ಗಂಟೆ ಹೊಡೆದದ್ದು ನನ್ನ ಪುಣ್ಯ.

ಆಮೇಲೆ 1965ರ 'ಸಂಸ್ಕಾರ'. ಅಲ್ಲಿಯೂ ಒಬ್ಬಳು ಭಾಗೀರಥಿ, ಪ್ರಾಣೇಶಾಚಾರ್ಯರ ಹೆಂಡತಿ. ಹಾಸಿಗೆ ಹಿಡಿದ ರೋಗಿಷ್ಠೆ, ಗಂಡನ ಪುಣ್ಯಸಂಪಾದನೆಗೆ ಒದಗಿ ಬಂದವಳು. ಹರಿಯದ ನದಿ. ಅನಂತಮೂರ್ತಿಯವರ ವ್ಯಂಗ್ಯ ಹರಿತವಾದದ್ದೇ, ಒಪ್ಪುತ್ತೇನೆ. ಆದರೆ ಎಷ್ಟು ಸಲ ಓದಿದರೂ ನನಗೊಂದು ತಕರಾರು ಉಳಿದೇ ಇದೆ. ಚಂದ್ರಿಗೆ ಮೈಯಿದೆ, ಮನಸ್ಸಿದೆ, ನಾರಣಪ್ಪನ ಹೆಣಕ್ಕೊಂದು ಗತಿ ಕಾಣಿಸುವ ಧೈರ್ಯವಿದೆ. ಭಾಗೀರಥಿಗೆ ಹೆಸರು ಮತ್ತು ಕಾಯಿಲೆ, ಇವೆರಡೇ. ಪ್ಲೇಗು ಬಂದು ಅವಳು ಸಾಯುವುದು ಆಚಾರ್ಯರ ದಾರಿ ತೆರವಾಗಲೆಂದೇ ಅನ್ನಿಸುತ್ತದೆ. ದೊಡ್ಡ ಕೃತಿಯಲ್ಲಿ ಇದು ಸಣ್ಣ ಅನ್ಯಾಯ. ಆದರೂ ಅನ್ಯಾಯವೇ.

'ಘಟಶ್ರಾದ್ಧ'ದ ಯಮುನೆಯ ಕಥೆ ಬೇರೆ. ವಿಧವೆಯಾಗಿ ಬಸಿರಾದ ಮಗಳಿಗೆ ವೇದ ಕಲಿಸುವ ತಂದೆಯೇ ಬದುಕಿದ್ದಾಗಲೇ ಶ್ರಾದ್ಧ ಮಾಡಿ ಕೈ ತೊಳೆದುಕೊಳ್ಳುತ್ತಾನೆ. 1977ರಲ್ಲಿ ಗಿರೀಶ ಕಾಸರವಳ್ಳಿಯವರ ಸಿನಿಮಾ ಬಂತು. ನಾನು ಅದನ್ನು ನೋಡಿದ್ದು ಕಾಲೇಜಿಗೆ ಬಂದ ಮೇಲೆ. ಇಲ್ಲಿಯೂ ಲೇಖಕರು ಅನಂತಮೂರ್ತಿಯವರೇ, ಆದರೆ ಭಾಗೀರಥಿಗೆ ಸಿಗದ ಕರುಣೆ ಯಮುನೆಗೆ ಸಿಕ್ಕಿದೆ. ಅವಳನ್ನು ನೋಡುವ ಕಣ್ಣು ಒಬ್ಬ ಚಿಕ್ಕ ಹುಡುಗನದು. ಅಕ್ಕ ಎಂದು ಕರೆಯುವ ಹುಡುಗ ಲೆಕ್ಕ ಹಾಕುವುದಿಲ್ಲ.

ಯಾಕೆ ಹೀಗೆ? ನದಿಯ ಹೆಸರು ಲೇಖಕನಿಗೆ ಅನುಕೂಲ ಎಂದು ನನಗೆ ತೋರುತ್ತದೆ. ಪವಿತ್ರ ಅಂದಮೇಲೆ ಅದರ ಮೇಲೆ ಬಿದ್ದ ಮಸಿ ಎದ್ದು ಕಾಣುತ್ತದೆ. ಎಲ್ಲರ ಕೊಳೆಯನ್ನೂ ತೊಳೆದು ತಾನು ಮಾತಾಡದೆ ಹರಿಯುವುದು ನದಿಯ ಕೆಲಸ. ಹೆಣ್ಣಿನ ಕೆಲಸವೂ ಅದೇ ಎಂದುಕೊಂಡವರು ಆ ಹೆಸರಿಡುತ್ತಾರೆ. ಹಸುಗಳಿಗೂ ನಾವು ಅದೇ ಹೆಸರಿಡುವುದು. ಗೋವಿನ ಹಾಡಿನ ಕಾಳಿಂಗನ ದೊಡ್ಡಿಯಲ್ಲಿ ಗಂಗೆ, ತುಂಗಭದ್ರೆ ಇದ್ದರು. ನಮ್ಮ ಮನೆಯ ಕೊಟ್ಟಿಗೆಯಲ್ಲಿ ನಾನು ಮದುವೆಯಾಗಿ ಬಂದಾಗ ಒಂದು ಕಾವೇರಿ ಇತ್ತು. ಅದು ಮಾತ್ರ ಒದೆಯುವ ಹಸು.

ಕಾರಂತರು ಈ ದಾರಿಗೆ ಬರಲಿಲ್ಲ. 'ಮರಳಿ ಮಣ್ಣಿಗೆ'ಯಲ್ಲಿ ಅವರು ಪಾರ್ವತಿ, ಸರಸ್ವತಿ ಎಂದು ಬರೆಯುವುದಿಲ್ಲ. ಪಾರೋತಿ, ಸರಸೋತಿ ಎನ್ನುತ್ತಾರೆ. ದೇವಿಯ ಹೆಸರು, ನದಿಯ ಹೆಸರು ಕಡಲಂಚಿನ ಮನೆಯೊಂದರ ಬಾಯಲ್ಲಿ ಸವೆದು ಮನುಷ್ಯರ ಹೆಸರಾಗುತ್ತದೆ. ಆ ಸರಸೋತಿ ವಿಧವೆ, ಆದರೆ ಯಾರ ಪುಣ್ಯಕ್ಕೂ ಮೆಟ್ಟಿಲಾಗುವುದಿಲ್ಲ. ಅತ್ತಿಗೆಯ ಜೊತೆ ಬೆನ್ನು ಬಗ್ಗಿಸಿ ದುಡಿಯುತ್ತಾಳೆ. ಮೂಕಜ್ಜಿಯಂತೂ ಸರಿಯೇ. ಮೂಕಾಂಬಿಕೆ ಎಂಬ ಹೆಸರು ಮೊಟಕಾಗಿ ಮೂಕಿಯಾದವಳು ಕನ್ನಡದ ಯಾವ ಅಜ್ಜಿಯೂ ಆಡದಷ್ಟು ಮಾತಾಡಿದಳು. ಮೊಮ್ಮಗಳಿಗೆ ಅಕ್ಷರ 'ಮೂ' ಬಂದಿದ್ದರೆ ಎಂದೂ ಒಂದು ಗಳಿಗೆ ಯೋಚಿಸಿದೆ. ಶಾಲೆಯಲ್ಲಿ ಪಕ್ಕದ ಹುಡುಗರು ಏನು ಮಾಡುತ್ತಾರೆಂಬುದು ಗೊತ್ತಿದ್ದವಳಾದ್ದರಿಂದ ಅಲ್ಲಿಗೇ ಬಿಟ್ಟೆ.

ಹೂವಿನ ಹೆಸರು ನೋಡೋಣವೆಂದರೆ 'ಕಾ'ದಲ್ಲಿ ಕಾಕಡ ಬಿಟ್ಟರೆ ಇನ್ನೊಂದು ಹೊಳೆಯಲಿಲ್ಲ! ನಮ್ಮವರು ಅದನ್ನು ಮುಡಿಯುತ್ತಾರೆಯೇ ಹೊರತು ಮಗಳಿಗಿಡುವುದಿಲ್ಲ. ಮಲ್ಲಿಗೆಯನ್ನು ಮಲ್ಲಿಕಾ ಮಾಡಿ ಇಡುತ್ತೇವೆ, ತಾವರೆಯನ್ನು ಪದ್ಮ ಮಾಡಿ ಇಡುತ್ತೇವೆ. ಕನ್ನಡದ ಹೂವಿಗೆ ತೊಟ್ಟಿಲಲ್ಲಿ ಜಾಗ ಕಡಿಮೆ.

ನಮ್ಮ ಮನೆಯವರು ಸೂಚಿಸಿದ್ದು ಕಾದಂಬರಿ. ಬಾಣನ ನಾಯಕಿ, ಗಂಧರ್ವ ರಾಜಕುಮಾರಿ. ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಅವಳನ್ನು ಕನ್ನಡಕ್ಕೆ ಕರೆತಂದ. ಆಮೇಲೆ ಅವಳ ಹೆಸರು ಒಂದು ಸಾಹಿತ್ಯ ಪ್ರಕಾರಕ್ಕೇ ಅಂಟಿಕೊಂಡಿತು. ಸತ್ತ ಪ್ರಿಯನ ದೇಹ ಕಾಯುತ್ತಾ ಕೂತವಳಿಗೆ ಕೊನೆಯಲ್ಲಿ ಅವನು ಎದ್ದು ಬರುತ್ತಾನೆ, ಆದ್ದರಿಂದ ಅಪಶಕುನವಿಲ್ಲ. ಆದರೆ ನಿಘಂಟು ತೆಗೆದರೆ ಕಾದಂಬರಿ ಎಂದರೆ ಹೆಂಡ ಎಂಬ ಅರ್ಥವೂ ಇದೆ. ಅಳಿಯಂದಿರು ನಕ್ಕು ಬೇಡವೆಂದರು.

ಈ ಚರ್ಚೆಯ ನಡುವೆ ಹದಿನೈದು ದಿನ ಕಳೆದಿತ್ತು. ಆಗ ಮಗಳು ಅಳಲು ಶುರುಮಾಡಿದಳು. ಕಾರಣವಿಲ್ಲದ ಅಳು. ಮಗು ಅತ್ತರೆ ಗೋಡೆಯ ಕಡೆ ತಿರುಗಿ ಮಲಗುವಳು. ರಾತ್ರಿ ಮಗು ಮಲಗಿದರೂ ಇವಳಿಗೆ ನಿದ್ದೆಯಿಲ್ಲ. ನಮ್ಮತ್ತೆ ದೃಷ್ಟಿಯೆಂದು ಮೆಣಸಿನಕಾಯಿ ನಿವಾಳಿಸಿದರು. ಪಕ್ಕದ ಮನೆಯಾಕೆ ದನಿ ತಗ್ಗಿಸಿ "ಬಾಣಂತಿ ಸನ್ನಿ ಇರಬೇಕು" ಎಂದರು. ನಾನು ಏನೆಂದೆ? "ಎಲ್ಲರಿಗೂ ಆಗತ್ತೆ ಕಣೇ, ಸುಮ್ನೆ ಮಲಕ್ಕೋ" ಎಂದೆ. ತರಗತಿಯಿಂದ ತರಗತಿಗೆ ತ್ರಿವೇಣಿಯವರನ್ನು ಓದಿ ಎಂದು ಹೇಳಿದ ನಾನು.

ಮಗಳೇ ಆ ಪುಸ್ತಕ ಕೇಳಿದಳು. ಕೊಡಲು ಹೆದರಿಕೆಯಾಯಿತು. ಎರಡು ರಾತ್ರಿಯಲ್ಲಿ ಓದಿ ಮುಗಿಸಿ ಬೆಳಿಗ್ಗೆ ಹೇಳಿದಳು: "ಅಮ್ಮ, ಡಾಕ್ಟರ್ ಹತ್ರ ಹೋಗೋಣ. ಇದು ಕಾಯಿಲೆ. ನಂಗೆ ಏನಾಗ್ತಿದೆ ಅಂತ ಈ ಮನೇಲಿ ಇದೊಂದೇ ಪುಸ್ತಕಕ್ಕೆ ಗೊತ್ತಿದೆ."

ಹೋದೆವು. ಇದು ಸನ್ನಿಯಲ್ಲ, ಹೆರಿಗೆಯಾದ ಎಷ್ಟೋ ಹೆಂಗಸರನ್ನು ಹಿಡಿಯುವ ಖಿನ್ನತೆ, ಚಿಕಿತ್ಸೆಗೆ ಬಗ್ಗುತ್ತದೆ ಎಂದು ವೈದ್ಯೆ ತಿಳಿಸಿ ಹೇಳಿದರು. ಬಗ್ಗಿತು ಕೂಡ, ನಿಧಾನವಾಗಿ.

ನಾನೂ ಮತ್ತೆ ಓದಿದೆ. ಕಾವೇರಿಯನ್ನು ಭಾಗೀರಥಿ, ಯಮುನೆಯರ ಸಾಲಿನಲ್ಲಿ ನಿಲ್ಲಿಸಿದ್ದು ನನ್ನ ತಪ್ಪು. 1971ರ ಪುಟ್ಟಣ್ಣನವರ ಸಿನಿಮಾದ ಕಲ್ಪನಾ ಮುಖ ನನ್ನ ಓದಿನ ಮೇಲೆ ಕೂತುಬಿಟ್ಟಿತ್ತು. ಕೊನೆಯ ಕೂಗಷ್ಟೇ ನೆನಪಿತ್ತು. ಬಾಣಂತಿಗೆ ಬಂದ ಹುಚ್ಚನ್ನು ದೆವ್ವವೆನ್ನದೆ, ಕರ್ಮವೆನ್ನದೆ, ಕಾಯಿಲೆಯೆಂದು ಬರೆದವರು ತ್ರಿವೇಣಿ. ಅವಳು ವಾಸಿಯಾಗುತ್ತಾಳೆ. ವಾಸಿಯಾಗಿ ಬಂದವಳನ್ನು ಮನೆ ನಂಬುವುದಿಲ್ಲ, ಅದಕ್ಕೆ ಅವಳು ಆಸ್ಪತ್ರೆಗೆ ಮರಳುತ್ತಾಳೆ. ಅನಸೂಯಾ ಎಂಬ ತಮ್ಮ ಹೆಸರು ಬಿಟ್ಟು ಮೂರು ನದಿಗಳು ಕೂಡುವ ಹೆಸರನ್ನು ಕಾವ್ಯನಾಮವಾಗಿ ಇಟ್ಟುಕೊಂಡ ಆಕೆ 1963ರಲ್ಲಿ, ಇನ್ನೂ ಮೂವತ್ತೈದು ತುಂಬುವ ಮೊದಲು, ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡರು. ಇದು ನನಗೆ ಮೊದಲೂ ಗೊತ್ತಿತ್ತು. ಬಾಣಂತಿ ಕೋಣೆಯಲ್ಲಿ ಕೂತು ನೆನೆಸಿಕೊಂಡಿರಲಿಲ್ಲ.

ಮೂರನೆಯ ತಿಂಗಳಲ್ಲಿ ತೊಟ್ಟಿಲಿಗೆ ಹಾಕಿದೆವು. ಹೆಸರು ಮಗಳೇ ಆರಿಸಿದಳು. ಅಳಿಯಂದಿರು ಅಕ್ಕಿಯ ತಟ್ಟೆಯಲ್ಲಿ ಉಂಗುರದಿಂದ ಬರೆದರು, ಸೋದರತ್ತೆ ಕಿವಿಯಲ್ಲಿ ಹೇಳಿದರು. ಹೆಸರು ಕೇಳಿ ನಮ್ಮತ್ತೆ ಮುಖ ಹಿಂಡಿದರು: "ಕಾವೇರಿಯಾ? ಅದು ಆ ಒದೆಯೋ ಹಸೀನ ಹೆಸರಲ್ವೇನೇ?"

ಮಗಳು ತೊಟ್ಟಿಲು ತೂಗುತ್ತಾ ಹೇಳಿದಳು, "ಒದೀಲಿ ಬಿಡು ಅಜ್ಜಿ."