ಕೋಡಿಯ ಐತಾಳರೂ ಕಡಲೂ

ಸಮುದ್ರವಿಲ್ಲದ ಸೀಮೆಯವರು ನಾವು. ಚಿಲಮತ್ತೂರಿನ ಸುತ್ತ ಕಣ್ಣು ಹಾಯಿಸಿದರೆ ಬಂಡೆಗುಡ್ಡ, ಕಡಲೆಕಾಯಿ ಬೆಳೆಯುವ ಕೆಂಪು ಹೊಲ, ನೀರಿಗಿಂತ ಹೂಳೇ ಹೆಚ್ಚಾದ ಕೆರೆ. ಚಿತ್ರಾವತಿ ಮೈದುಂಬಿ ಹರಿದ ವರ್ಷಗಳನ್ನು ಇಲ್ಲಿನ ಹಿರಿಯರು ಬೆರಳು ಮಡಿಸಿ ಎಣಿಸುತ್ತಾರೆ. ಆ ನೀರು ಪೆನ್ನೆಯನ್ನು ಕೂಡಿ ನೆಲ್ಲೂರು ಸೀಮೆಯಲ್ಲಿ ಬಂಗಾಳಕೊಲ್ಲಿಯನ್ನು ಸೇರುತ್ತದೆಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ನಮ್ಮ ಮುಖವನ್ನೇ ನೋಡುತ್ತಾರೆ. ಇಂಥ ಊರಿನಲ್ಲಿ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಓದುವುದೆಂದರೆ ಕಾಣದ ನೀರಿನ ಸದ್ದಿಗೆ ಕಿವಿಗೊಟ್ಟು ಕುಳಿತಂತೆಯೇ ಸರಿ.

ಕಳೆದ ಓದುಗೂಟದಲ್ಲಿ ಈ ಕೃತಿಯ ಮೇಲೆ ಮಾತು ನಡೆದಾಗ ಹಿರಿಯ ಸದಸ್ಯರೊಬ್ಬರು ರಾಮ ಐತಾಳರನ್ನು “ಕಷ್ಟಪಟ್ಟು ದುಡಿದ, ಕಡಲನ್ನು ಪ್ರೀತಿಸಿದ, ಸಂಸಾರಕ್ಕಾಗಿ ಬಾಳಿದ ಪುಣ್ಯಾತ್ಮ” ಎಂದು ಬಣ್ಣಿಸಿದರು. ಸಭೆ ತಲೆದೂಗಿತು. ನಾವೂ ತೂಗಿದೆವು. ಆದರೆ ಮನೆಗೆ ಬಂದು ಪುಸ್ತಕವನ್ನು ಮತ್ತೊಮ್ಮೆ ತೆರೆದಾಗ ಆ ಮಾತು ಪೂರ್ತಿಯಾಗಿ ಒಪ್ಪಿಗೆಯಾಗಲಿಲ್ಲ. ಊರಿನಲ್ಲಿ ಯಾರಾದರೂ ಹಿರಿಯರು ತೀರಿಕೊಂಡಾಗ ಸಂತಾಪಸೂಚಕ ಸಭೆಯಲ್ಲಿ ನಾವು ಆಡುವ ಮಾತೂ ಇದೇ ಅಲ್ಲವೆ? ಆದ್ದರಿಂದ ಇದನ್ನು ಕೊಂಚ ಒರೆಗೆ ಹಚ್ಚಿ ನೋಡಬೇಕೆನಿಸಿತು.

ಕಾರಂತರು 1902ರಲ್ಲಿ ಕೋಟದಲ್ಲಿ ಹುಟ್ಟಿದವರು, 1997ರಲ್ಲಿ ತೀರಿಕೊಂಡರು. ಕಾದಂಬರಿಯ ಕೋಡಿ ಅವರ ಹುಟ್ಟೂರಿನ ಹತ್ತಿರದ ನೆಲ, ಒಂದೆಡೆ ಕಡಲು, ಇನ್ನೊಂದೆಡೆ ಹೊಳೆ, ನಡುವೆ ಮರಳಿನ ಪಟ್ಟಿ. ಅಂಥಲ್ಲಿ ಪೌರೋಹಿತ್ಯದ ಅಲ್ಪ ಸಂಪಾದನೆಯಲ್ಲಿ ಹೊಟ್ಟೆ ತುಂಬದು, ಬೇಸಾಯ ಮಾಡಲೇಬೇಕು. ಐತಾಳರು ದುಡಿಯುವವರು, ಕಾಸಿಗೆ ಕಾಸು ಕೂಡಿಸುವವರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಗದ್ದೆಯ ಕೆಲಸದಲ್ಲಿ ಬೆನ್ನು ಬಾಗಿಸಿದವರು ಯಾರು? ಗೊಬ್ಬರ ಹೊತ್ತವರು ಯಾರು? ಮಳೆಗಾಲದ ಪ್ರವಾಹದಲ್ಲಿ ತೇಲಿಬರುವ ಕಟ್ಟಿಗೆಯನ್ನು ಹಿಡಿಯಲು ನೀರಿಗೆ ಇಳಿದವರು ಯಾರು? ಹೆಂಡತಿ ಪಾರೋತಿ, ವಿಧವೆ ತಂಗಿ ಸರಸೋತಿ. ಒಂದು ಕೊಳ್ಳಿ ಸೌದೆಗಾಗಿ ಹೆಂಗಸರು ಕೆಂಪು ನೀರಿನೊಡನೆ ಸೆಣಸುವ ಆ ಚಿತ್ರದಲ್ಲಿ ಕಾರಂತರು ಎಲ್ಲಿಯೂ ಕನಿಕರವನ್ನು ಬೇಡುವುದಿಲ್ಲ. ಇವರು ಹೀಗೆ ಬದುಕಿದರು ಎನ್ನುತ್ತಾರೆ, ಅಷ್ಟೆ. ಆ ಮಿತವೇ ಈ ಗ್ರಂಥದ ದೊಡ್ಡ ಗುಣವೆಂದು ನಮ್ಮ ಎಣಿಕೆ. ‘ಐತಾಳರ ದುಡಿಮೆ’ ಎಂದು ನಾವು ಒಬ್ಬರ ಹೆಸರಿಗೆ ಖಾತೆ ಬರೆದದ್ದು ಓದುಗರ ತಪ್ಪು. ಗ್ರಂಥಕರ್ತರು ಹಾಗೆ ಬರೆದಿಲ್ಲ.

ಸಂಸಾರಕ್ಕಾಗಿ ಬಾಳಿದರೆಂಬ ಮಾತನ್ನು ನೋಡೋಣ. ಮಕ್ಕಳಿಲ್ಲವೆಂದು ಐತಾಳರು ಸತ್ಯಭಾಮೆಯನ್ನು ಎರಡನೆಯ ಹೆಂಡತಿಯಾಗಿ ತಂದರು, ಲಚ್ಚ ಹುಟ್ಟಿದ. ನೆರೆಯ ಶೀನ ಮಯ್ಯರ ಮನೆಗೆ ಬೆಂಗಳೂರಿನ ಹೋಟೆಲಿನ ಹಣ ಹರಿದು ಬರತೊಡಗಿದಾಗ ಐತಾಳರಿಗೂ ಮೇಲಾಟದ ಚಟ ಹತ್ತಿತು. ಮಗನನ್ನು ಇಂಗ್ಲಿಷು ಓದಿಸಿದರು. ಆ ಓದು ಅವನನ್ನು ಮಣ್ಣಿನಿಂದ ಕಿತ್ತಿತೇ ಹೊರತು ಬೇರೆಲ್ಲಿಯೂ ನಾಟಲಿಲ್ಲ. ಜೂಜು, ದುಂದು, ದುರ್ವ್ಯಸನಗಳಲ್ಲಿ ಆಸ್ತಿ ಕರಗಿತು, ನಾಗವೇಣಿಯಂಥ ಹೆಂಡತಿಯ ಬಾಳು ಬೆಂದಿತು. ಇಲ್ಲಿ ನಾವು, ಓದಿಸುವುದನ್ನೇ ವೃತ್ತಿಯಾಗಿ ಹಿಡಿದವರು, ತುಸು ಮುಜುಗರಪಟ್ಟೆವೆಂದು ಒಪ್ಪಿಕೊಳ್ಳಬೇಕು. ಓದನ್ನೇ ದೂರುವುದು ಕಾರಂತರ ಉದ್ದೇಶವಲ್ಲ ಎಂಬುದಕ್ಕೆ ಮೊಮ್ಮಗ ರಾಮನೇ ಸಾಕ್ಷಿ. ಆದರೂ ಐತಾಳರದು ಕುಟುಂಬಪ್ರೇಮವೋ, ನೆರೆಮನೆಯ ಮೇಲಿನ ಹಟವೋ? ಎರಡೂ ಒಂದೇ ಹಗ್ಗದ ಎಳೆಗಳಾಗಿ ಹೊಸೆದುಕೊಂಡಿವೆ. ಬಿಡಿಸಹೋದರೆ ಹಗ್ಗವೇ ಉಳಿಯದು. ಮನುಷ್ಯನನ್ನು ಹೀಗೆ ಕಾಣಿಸಬಲ್ಲ ಲೇಖಕರು ನಮ್ಮಲ್ಲಿ ಹೆಚ್ಚಿಲ್ಲ.

ಇನ್ನು ಕಡಲು. ಮುದುಕ ಐತಾಳರು ಕಡಲನ್ನು ಪ್ರೀತಿಸಿದರೆನ್ನಲು ನಮಗೆ ಧೈರ್ಯ ಸಾಲದು. ಅವರಿಗೆ ಅದು ಹಿತ್ತಿಲ ನೆರೆಯವನಿದ್ದಂತೆ. ಗಾಳಿ ಕಳಿಸುತ್ತದೆ, ಉಪ್ಪು ಕಳಿಸುತ್ತದೆ, ಮಳೆಗಾಲದಲ್ಲಿ ಅಬ್ಬರಿಸುತ್ತದೆ. ನೆರೆಯವನ ಚೆಲುವನ್ನು ಯಾರು ನಿಂತು ನೋಡುತ್ತಾರೆ? ಕಡಲ ಚೆಲುವಿಗೆ ಮನಸೋಲುವವನು ಮೂರನೆಯ ತಲೆಯ ರಾಮ. ಪಿಟೀಲು ಬಲ್ಲ ತಾಯಿಯ ಮಗ ಅವನು. ಮದರಾಸಿನಲ್ಲಿ ಓದಿ, ಸ್ವಾತಂತ್ರ್ಯ ಚಳವಳಿಯಲ್ಲಿ ಸೆರೆಮನೆ ಕಂಡು, ಮುಂಬಯಿಯಲ್ಲಿ ಕೆಲಸಕ್ಕಾಗಿ ಅಲೆದು, ಬರಿಗೈಯಲ್ಲಿ ಊರಿಗೆ ಮರಳಿದವನು. ದೂರ ಹೋದವನಿಗೇ ಅಲೆಯ ಸದ್ದು ಸಂಗೀತವಾಗಿ ಕೇಳುತ್ತದೆ. ಅಜ್ಜನ ದುಡಿಮೆ ಮತ್ತು ಮೊಮ್ಮಗನ ಕಡಲ ಮೋಹ, ಇವೆರಡನ್ನೂ ಒಬ್ಬನೇ ಆಸಾಮಿಯ ಮೈಮೇಲೆ ಹೊದಿಸಿ ನಮ್ಮ ಹಿರಿಯ ಮಿತ್ರರು ಮಾತನಾಡಿದ್ದರು. ಪಾಪ, ನೆನಪು ಹಾಗೆಯೇ ಕೆಲಸ ಮಾಡುತ್ತದೆ. ತೀರಿದ ತಂದೆಯ ಕೋಪ ಮರೆತು ಅಜ್ಜಿಯ ತಾಳ್ಮೆಯನ್ನೂ ಅವನ ಲೆಕ್ಕಕ್ಕೇ ಸೇರಿಸುತ್ತೇವೆ.

ಕೃತಿಯಲ್ಲಿ ದೋಷವಿಲ್ಲವೆಂದಲ್ಲ. ರಾಮನ ಮದರಾಸು, ಮುಂಬಯಿಗಳ ಪುಟಗಳಲ್ಲಿ ಕೋಡಿಯ ಪುಟಗಳ ಬಿಗಿ ಇಲ್ಲ. ಅಲ್ಲಿ ಕಥೆಗಿಂತ ವಿಚಾರದ ಗೊಣಗು ಹೆಚ್ಚು. ಕೋಟದ ಆಡುಮಾತು ನಮ್ಮ ಕಡೆಯ ಓದುಗರಿಗೆ ಮೊದಲ ಐವತ್ತು ಪುಟ ತೊಡಕೇ. ತೆಲುಗಿನ ಮಗ್ಗುಲಲ್ಲಿ ಮಲಗೆದ್ದ ನಮ್ಮ ಕನ್ನಡ ಅವರಿಗೂ ಅಷ್ಟೇ ತೊಡಕಾದೀತು! ಗಟ್ಟಿಯಾಗಿ ಓದಿದರೆ ಅರ್ಧ ತೊಡಕು ಕಳೆಯುತ್ತದೆ ಎಂಬುದು ನಮ್ಮ ಅನುಭವ.

ಚಿಲಮತ್ತೂರಿನಿಂದ ಬಾಗೇಪಲ್ಲಿಯ ದಾರಿ ಹಿಡಿದು ಬೆಂಗಳೂರಿಗೆ ಹೋದ ಹುಡುಗರು ಈಗ ಮನೆಮನೆಯಲ್ಲಿಯೂ ಇದ್ದಾರೆ. ಶೀನ ಮಯ್ಯರ ಮಕ್ಕಳ ಹಾಗೆ ಅವರೂ ಹಣ ಕಳಿಸುತ್ತಾರೆ, ಮಾಳಿಗೆ ಏಳುತ್ತದೆ, ಪಕ್ಕದ ಮನೆಯವರು ನೋಡುತ್ತಾರೆ. ರಾಮನಿಗೆ ಮರಳಲು ಕಡಲಿನ ಸೆಳೆತವಾದರೂ ಇತ್ತು. ನಮ್ಮ ಬಂಡೆಗುಡ್ಡದ ಚೆಲುವನ್ನು ದೂರದಿಂದ ಕಂಡು ಹಂಬಲಿಸುವ ಹುಡುಗನೊಬ್ಬ ಈಗ ಎಲ್ಲಿ, ಯಾವ ಬಾಡಿಗೆ ಕೋಣೆಯಲ್ಲಿ ಕುಳಿತಿದ್ದಾನೋ; ಅವನ ಕಥೆಯನ್ನು ಓದುವ ಆಸೆ ನಮಗಿದೆ. ಸದ್ಯಕ್ಕೆ ಸಂಘದ ಕಪಾಟಿನಲ್ಲಿರುವ ‘ಮರಳಿ ಮಣ್ಣಿಗೆ’ಯ ಪ್ರತಿ ಒಂದೇ, ಅದರ ರಟ್ಟೂ ಬಿಟ್ಟಿದೆ. ಒಯ್ದ ಸದಸ್ಯರು ಯುಗಾದಿಯೊಳಗೆ ಹಿಂದಿರುಗಿಸಿದರೆ, ಸರತಿಯಲ್ಲಿ ಕಾದಿರುವ ಇನ್ನು ನಾಲ್ವರಿಗೆ ಅನುಕೂಲವಾಗುತ್ತದೆ.